ಹೆಸರು ಗೊತ್ತಿಲ್ಲದವರಿಗೆ ಥ್ಯಾಂಕ್ಸ್

ಮೂವತ್ತೆರಡು ವರ್ಷ ಮುಂಬಯಿಯ ಕುರ್ಲಾದ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವನು ನಾನು. ನನ್ನ ಇಂಗ್ಲಿಷಿನಲ್ಲಿ ತಪ್ಪು ಹುಡುಕುವವರನ್ನು ಕಂಡರೆ ಈಗಲೂ ಮೈ ಉರಿಯುತ್ತದೆ. ಅಂಥವನ ಎದುರು ಕುಳಿತು, ಎಬಿಸಿಡಿ ಬಾರದ ಭುವನೇಶ್ವರಿ ನಾನು ಬರೆದ ಕಾಗದ ಬೇಡವೆಂದಳು.

ಅವಳ ಗಂಡ ಶಿವಪುತ್ರ ಕಾಂದಿವಲಿಯಲ್ಲಿ ಟೈಲ್ಸ್ ಕೂರಿಸುವ ಮಿಸ್ತ್ರಿ. ರಕ್ತದ ಕ್ಯಾನ್ಸರ್ ಬಂದು ಸಾಯಬೇಕಿದ್ದವನನ್ನು ಯಾವುದೋ ದೇಶದ ಯಾರೋ ತಮ್ಮ ಮೂಳೆಯ ಮಜ್ಜೆ ಕೊಟ್ಟು ಉಳಿಸಿದ್ದರು. ಯಾರೆಂದು ಪರೇಲಿನ ಆಸ್ಪತ್ರೆಯವರು ಹೇಳುವಂತಿಲ್ಲ. ಹೆಸರು, ಊರು ಹಾಕದೆ ಇಂಗ್ಲಿಷಿನಲ್ಲಿ ಒಂದು ಹಾಳೆ ಬರೆದುಕೊಟ್ಟರೆ ತಲುಪಿಸುತ್ತಾರೆ. ಅವಳಿಗಿದ್ದದ್ದು ಆ ಒಂದು ಹಾಳೆಯಷ್ಟೇ ಜಾಗ.

ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದ್ದೆ. ಐದು ಕಡೆ ಥ್ಯಾಂಕ್ಸ್ ಇತ್ತು.

“ಬ್ಯಾಡ್ರಿ ಮಾಸ್ತರ. ಲಿಫ್ಟಿನ ಬಾಗಲಾ ಹಿಡದವಗೂ ಥ್ಯಾಂಕ್ಸ್ ಅಂತಾರ. ನನ್ನ ಗಂಡನ ಜೀವಾ ಉಳಿಸಿದವ್ರಿಗೂ ಅದ ಏನ್ರಿ?”

“ಮತ್ತೇನು ಬರೀಲಿ? ನಿಮ್ಮ ಕಡೆ ಏನಂತೀರಿ?” ರೇಗಿದೆ.

“ಅನ್ನೂದೇನಿಲ್ರಿ. ನೆನಸ್ತೀವಿ.”

ಥ್ಯಾಂಕ್ ಅಷ್ಟು ಹಗುರದ ಕ್ರಿಯಾಪದವಲ್ಲ ಎಂದು ತೋರಿಸಿಯೇ ಬಿಡೋಣವೆಂದು ದಪ್ಪ ನಿಘಂಟು ಇಳಿಸಿದೆ. ಪದದ ಹುಟ್ಟು ಹೇಳುವ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟವನು ಅಲ್ಲೇ ನಿಂತೆ. ಥ್ಯಾಂಕ್, ಥಿಂಕ್ ಎರಡೂ ಒಂದೇ ಬೇರಿನವು. ಸಾವಿರ ವರ್ಷದ ಹಿಂದೆ ಅದರ ಹಳೆಯ ರೂಪಕ್ಕೆ ಯೋಚನೆ ಎಂಬ ಅರ್ಥವಿತ್ತು. ಯೋಚನೆ ಒಳ್ಳೆಯ ಯೋಚನೆಯಾಗಿ, ಉಪಕಾರ ಮಾಡಿದವರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಾಗಿತ್ತು. ಸಾವಿರಾರು ಮಕ್ಕಳ ಬಾಯಲ್ಲಿ ಈ ಪದ ಹೇಳಿಸಿದ್ದೆ, ಒಮ್ಮೆಯೂ ಒಳಗೆ ಇಣುಕಿರಲಿಲ್ಲ. ಎಲ್ಲಿಯ ಚಳಿ ದೇಶದ ಜನ, ಎಲ್ಲಿಯ ಈ ಕಲಬುರಗಿ ಕಡೆಯ ಹೆಣ್ಣುಮಗಳು! ಇಬ್ಬರದೂ ಒಂದೇ ಮಾತು.

ಅವಳಿಗೆ ಹೇಳಿದೆ. ಆಶ್ಚರ್ಯವೇನೂ ಆಗಲಿಲ್ಲ. “ಅವ್ರೂ ಮನಷ್ಯಾರ ಅಲ್ರಿ” ಎಂದಳು.

“ಹೆಸರು ಗೊತ್ತಿಲ್ಲ, ಮುಖ ಕಂಡಿಲ್ಲ. ಹೇಗೆ ನೆನೆಸ್ತೀ?”

“ನಮ್ಮನ್ಯಾಗ ಉಪಕಾರ ಮಾಡಿದವ್ರ ಹೆಸರ ತಗೊಂಡ ಮೊದಲ ತುತ್ತ ಎತ್ತತೀವ್ರಿ. ಇವ್ರ ಹೆಸರ ಗೊತ್ತಿಲ್ಲ. ಅದಕ ನಮ್ಮ ಮನಿಯವ್ರು ತುತ್ತ ಕೈಯಾಗ ಹಿಡಕೊಂಡ, ಒಂದ ಹೆಸರ ಹೇಳೂವಷ್ಟ ಹೊತ್ತ ಸುಮ್ಮ ಕುಂದರ್ತಾರ. ನಾನೂ ಕುಂದರ್ತೀನಿ. ಆಮ್ಯಾಲ ಉಣ್ತೀವಿ.”

ಹಳೆಯ ಕಾಗದ ಹರಿದು ಹಾಕಿದೆ. ಹೊಸದರಲ್ಲಿ ಅವಳ ಮಾತನ್ನಷ್ಟೇ ಇಂಗ್ಲಿಷಿಗೆ ಇಳಿಸಿದೆ.

“ಭುವನೇಶ್ವರಿ, ಕೊನೆಗೆ ಒಂದು ಥ್ಯಾಂಕ್ಸ್ ಬರೀಲಾ?”

ಅವಳು ಸ್ವಲ್ಪ ಯೋಚಿಸಿದಳು. “ಈಗ ಬರೀರಿ.”

ಪೆನ್ನು ಕೈಯಲ್ಲಿ ಹಿಡಿದು, ಒಂದು ಹೆಸರು ಹೇಳುವಷ್ಟು ಹೊತ್ತು ಕುಳಿತು, ಆಮೇಲೆ ಬರೆದೆ.