ಕೊಂಬು ಮುರಿದ ಸೈತಾನ

ನಮ್ಮ ಯಜಮಾನರು ಗಾಸ್ಪಾರ್ ಒಳ್ಳೆಯ ಮುದ್ರಕರು, ಅದಕ್ಕಿಂತ ಒಳ್ಳೆಯ ಜುಗ್ಗರು. ಪ್ಯಾರಿಸ್ಸಿನ ಸಾಂ ಜಾಕ್ ಬೀದಿಯ ಬೇರೆ ಮುದ್ರಕರಲ್ಲಿ ಹತ್ತಾರು ಚಿತ್ರದಚ್ಚುಗಳಿದ್ದರೆ ನಮ್ಮಲ್ಲಿದ್ದದ್ದು ಒಂದೇ, ಮರದಲ್ಲಿ ಕೆತ್ತಿದ ಸೈತಾನ. ಅದೂ ಇವರ ಕೈಜಾರಿ ಬಿದ್ದು ಎಡಗೊಂಬು ಅರ್ಧ ಮುರಿದಿತ್ತು.

"ಹೊಸದು ಕೆತ್ತಿಸ್ರೀ" ಅಂದರೆ, "ಸೈತಾನನಿಗೆ ಒಂದು ಕೊಂಬು ಸಾಲ್ದಾ? ನಿನಗೆ ಒಂದೂ ಇಲ್ಲ ಕಣೇ, ಆದ್ರೂ ನನ್ನ ಪ್ರಾಣ ತಿನ್ನಲ್ವಾ?" ಅನ್ನುತ್ತಿದ್ದರು.

ಆಗ ಊರು, ಪವಿತ್ರ ಕೂಟ ಅಂತ ಕಟ್ಟಿಕೊಂಡು ದೊರೆಯ ವಿರುದ್ಧ ಎದ್ದವರ ಕೈಯಲ್ಲಿತ್ತು. ನಾವು ಕ್ಯಾಥೊಲಿಕರು, ದೊರೆ ಪ್ರಾಟೆಸ್ಟೆಂಟ್. ಅವನನ್ನು ಒಳಗೆ ಬಿಡಬಾರದೆಂದು ಕೋಟೆಬಾಗಿಲು ಹಾಕಿಕೊಂಡು ಕತ್ತೆ ಮಾಂಸ ತಿಂದವರು. ಹೊಟ್ಟೆಗೆ ಬರವಿತ್ತೇ ಹೊರತು ಬೈಗುಳಕ್ಕೆ ಇರಲಿಲ್ಲ. ದಿನ ಬೆಳಗಾದರೆ ದೊರೆಯನ್ನು ಬೈಯುವ ಒಂದು ಪುಸ್ತಿಕೆ. ಅದರಲ್ಲಿ ನಮ್ಮ ಕೇರಿಯ ಪಾದ್ರಿ ಹಿಲೇರ್‌ನದು ಎತ್ತಿದ ಕೈ. ಅವನ ಪ್ರವಚನವನ್ನು ನಾವೇ ಅಚ್ಚು ಹಾಕಿದೆವು. ಮುಖಪುಟದಲ್ಲಿ ನಮ್ಮ ಸೈತಾನ, ಅದರ ಕೆಳಗೆ 'ದೊರೆಯ ಮಂತ್ರಿ' ಎಂಬ ಸಾಲು. ಊರಿಗೆ ಊರೇ ಕೊಂಡು ನಕ್ಕಿತು.

ಅಷ್ಟರಲ್ಲಿ ದೊರೆಯ ಕಡೆಯವರೂ ಗುಟ್ಟಾಗಿ ಒಂದು ಪುಸ್ತಿಕೆ ತಂದುಕೊಟ್ಟರು, ಪಾದ್ರಿಗಳನ್ನು ಬೈಯುವಂಥದ್ದು. "ಯಾರನ್ನ ಬೈದ್ರೇನು, ಮಸಿ ಒಂದೇ" ಅಂದರು ಯಜಮಾನರು. ಕದ್ದು ಅಚ್ಚು ಹಾಕಿದ್ದಕ್ಕೆ ದೂರದೂರಿನ ಹೆಸರು ಹಾಕುವುದು ನಮ್ಮ ಬೀದಿಯ ಪದ್ಧತಿ. ತೂರ್ ದೊರೆಯ ಕಡೆಯವರ ಊರು, ಹಾಗಾಗಿ 'ತೂರ್ ಪಟ್ಟಣದಲ್ಲಿ ಅಚ್ಚಾದದ್ದು' ಅಂತ ಹಾಕಿದರು. ಊರು ಬದಲಿಸುವಷ್ಟು ಬುದ್ಧಿಯಿದ್ದ ಈ ಮಹಾರಾಯರಿಗೆ ಸೈತಾನನನ್ನು ಬದಲಿಸಬೇಕೆಂದು ಹೊಳೆಯಲಿಲ್ಲ. ಅದೇ ಚಿತ್ರ ಹಾಕಿ, ಕೆಳಗೆ 'ಪಾದ್ರಿಗಳ ಗುರು' ಎಂದು ಬರೆದುಬಿಟ್ಟರು.

ಮೂರನೆಯ ದಿನ ಪಾದ್ರಿ ಹಿಲೇರ್ ನಾಲ್ವರು ಈಟಿಯವರನ್ನು ಕಟ್ಟಿಕೊಂಡು ಬಂದು ಎರಡೂ ಪುಸ್ತಿಕೆಗಳನ್ನು ಮೇಜಿನ ಮೇಲೆ ಕುಕ್ಕಿದ.

"ನೋಡಮ್ಮ ಪೆರೆಟ್, ಇದರಲ್ಲೂ ಎಡಗೊಂಬು ಮುರಿದಿದೆ, ಅದರಲ್ಲೂ ಮುರಿದಿದೆ. ಎಲ್ಲಿ ನಿನ್ನ ಗಂಡ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವುದು ವಾಡಿಕೆ. ಒಳಗಿದ್ದ ನಮ್ಮವರು ಕೊರಳು ಮುಟ್ಟಿಕೊಂಡರು. ಹೋದ ತಿಂಗಳಷ್ಟೇ ಮೂಲೆಮನೆಯ ಮುದ್ರಕನನ್ನು, ಅವನೇ ಅಚ್ಚು ಹಾಕಿದ ಹಾಳೆಯನ್ನು ಎದೆಗೆ ಕಟ್ಟಿ, ನೇಣಿಗೇರಿಸಿದ್ದರು. ಹಾಗೆ ಮಾಡಿಸಿದವನೂ ಇದೇ ಹಿಲೇರ್. ಜುಗ್ಗರಾದರೇನು, ನನಗೆ ಇರುವವರು ಅವರೊಬ್ಬರೇ.

"ಸ್ವಾಮಿಗಳೇ, ನಿಮ್ಮ ಪ್ರವಚನ ಅಷ್ಟೊಂದು ಖರ್ಚಾಯ್ತಲ್ಲ, ಹೊಟ್ಟೆಕಿಚ್ಚಿಗೆ ಚಿತ್ರ ಕದ್ದಿದ್ದಾರೆ. ಕದಿಯೋರಿಗೆ ಬುದ್ಧಿ ಎಲ್ಲಿರತ್ತೆ? ಮುರಿದ ಕೊಂಬನ್ನೂ ಬಿಡದೆ ಕೆತ್ತಿದ್ದಾರೆ. ತೂರ್‌ನಲ್ಲಿ ಅಚ್ಚಾದದ್ದು ಅಂತಿದೆ, ಓದಿ."

"ಮುಖಪುಟದಲ್ಲಿ ಏನು ಬೇಕಾದ್ರೂ ಹಾಕಬಹುದು. ನನ್ನ ಕಿವಿ ಮೇಲೆ ಹೂವಿಡ್ತೀಯಾ?"

"ಏನು ಬೇಕಾದ್ರೂ ಹಾಕಬಹುದಾ?" ಈಟಿಯವರಿಗೆ ಕೇಳಲೆಂದೇ ಗಂಟಲು ಏರಿಸಿದೆ. "ಹಾಗಾದ್ರೆ ನಿಮ್ಮ ಪ್ರವಚನದ ಮುಖಪುಟದಲ್ಲಿ 'ಧರ್ಮಪಂಡಿತರ ಒಪ್ಪಿಗೆ ಪಡೆದು' ಅಂತ ನಾನೇ ಅಕ್ಷರ ಜೋಡಿಸಿದ್ನಲ್ಲ, ಆ ಪಂಡಿತರು ಯಾರು ಸ್ವಾಮಿ? ಹೋಗಿ ಕೇಳ್ಕೊಂಡು ಬರೋಣ್ವಾ?"

ಒಪ್ಪಿಗೆಯೂ ಇಲ್ಲ, ಮಣ್ಣೂ ಇಲ್ಲ. ಯಾವ ಪಂಡಿತನ ಕಣ್ಣಿಗೂ ಅದನ್ನು ತೋರಿಸಿರಲಿಲ್ಲ. ಹಾಗೆ ಧರ್ಮದ ಮಾತು ಅಚ್ಚು ಹಾಕಿಸಿದವನು ಪಾದ್ರಿಯಾದರೂ ಉಳಿಯುವುದು ಕಷ್ಟ. ಈಟಿಯವನೊಬ್ಬ ತಲೆ ತಿರುಗಿಸಿ ಹಿಲೇರ್‌ನನ್ನು ನೋಡಿದ.

"ಮುಖಪುಟ ಸುಳ್ಳು ಹೇಳಲ್ಲ ಬಿಡಮ್ಮ" ಎಂದ ಪಾದ್ರಿ. "ತೂರ್‌ನಲ್ಲೇ ಆಗಿರಬೇಕು."

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಆಮೇಲೆ ಯಜಮಾನರನ್ನು ಬಾಯಿಗೆ ಬಂದಂತೆ ಬೈದೆ.

ಮೂರು ವರ್ಷ ಕಳೆಯಿತು. ದೊರೆ ಕ್ಯಾಥೊಲಿಕ್ ಆಗಿ ಮೆರವಣಿಗೆಯಲ್ಲಿ ಊರೊಳಗೆ ಬಂದ. ಅವನ ಸಾವಿಗೆ ಹರಕೆ ಹೊತ್ತ ಬಾಯಿಗಳೇ ಜಯಕಾರ ಹಾಕಿದವು. ಬೈದ ಪಾದ್ರಿಗಳನ್ನು ಊರು ಬಿಡಿಸಲು ಪಟ್ಟಿ ತಯಾರಾಗುತ್ತಿದೆ ಅಂತ ಸುದ್ದಿ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಹಿಲೇರ್ ಬಂದ, ಈ ಸಲ ಹಿತ್ತಿಲ ಬಾಗಿಲಿಂದ.

"ದೊರೆಯನ್ನ ಹೊಗಳಿ ನಾಲ್ಕು ಮಾತು ಬರೆದಿದ್ದೀನಿ ಕಣಮ್ಮ. ನನ್ನ ಹೆಸರು ದಪ್ಪಕ್ಷರದಲ್ಲಿ ಬರ್ಲಿ. ಇಸವಿ ಮಾತ್ರ ಮೂರು ವರ್ಷ ಹಿಂದಿಂದು ಹಾಕು. ಮೊದಲಿಂದ್ಲೂ ನನ್ನ ಮನಸ್ಸು ಅವರ ಕಡೆಗೇ ಅಲ್ವಾ?"

"ಊರು? ತೂರ್ ಅಂತ ಹಾಕ್ಲಾ?"

"ಹಾಕು, ಹಾಕು. ಮುಖಪುಟ ಸುಳ್ಳು ಹೇಳಲ್ವಲ್ಲ!" ಹೊಟ್ಟೆ ಕುಲುಕಿಸಿ ನಕ್ಕ. ಮೂಲೆಮನೆಯವನ ಹೆಂಡತಿ ಆಗಷ್ಟೇ ನಮ್ಮ ಬಾಗಿಲ ಮುಂದೆ ಹರಕು ಬಟ್ಟೆ ಮಾರುತ್ತ ಹೋಗಿದ್ದಳು. ನನಗೆ ಮೈಯೆಲ್ಲ ಉರಿಯಿತು.

"ಚಿತ್ರ ಯಾವುದು ಹಾಕ್ಲಿ ಸ್ವಾಮಿಗಳೇ?"

"ಇರೋದ್ರಲ್ಲಿ ಚೆಂದದ್ದು ಹಾಕಮ್ಮ. ನಿನಗೆ ಬಿಟ್ಟಿದ್ದು."

ನಮ್ಮಲ್ಲಿ ಇದ್ದದ್ದು ಒಂದೇ.

ಭಾನುವಾರ ಸೇತುವೆಯ ಮೇಲೆ ಮಾರಾಟಕ್ಕಿಟ್ಟೆವು. ಮೀನಿನವಳು ಎತ್ತಿಕೊಂಡವಳೇ ಕೂಗಿದಳು: "ಅಯ್ಯಯ್ಯೋ, ಇದು ದೊರೆಗೆ ಮಂತ್ರಿಯಾಗಿದ್ದ ಸೈತಾನ ಅಲ್ವೇನ್ರೇ? ಹಿಲೇರ್ ಸ್ವಾಮಿಗಳು ಇವನನ್ನ ಕರ್ಕೊಂಡೇ ಅರಮನೆಗೆ ಹೊರಟಿದ್ದಾರೆ!" ಹಳೆಯ ಪ್ರವಚನವನ್ನು ಪೆಟ್ಟಿಗೆಯಿಂದ ಹುಡುಕಿ ತಂದು ಪಕ್ಕದಲ್ಲಿಟ್ಟು ನೋಡಿದವರೂ ಇದ್ದರು. ಸಂಜೆಗೆ ಅವೆರಡೂ ಅರಮನೆ ಸೇರಿದವು. ಮರುದಿನ ಪಟ್ಟಿಯಲ್ಲಿ ಮೊದಲ ಹೆಸರು ಅವನದೇ.

ಗಂಟುಮೂಟೆ ಹೊತ್ತುಕೊಂಡು ನಮ್ಮ ಅಂಗಡಿಗೆ ನುಗ್ಗಿದ. "ಅದೇ ಕೊಂಬು! ಅದೇ ಮುರುಕು ಕೊಂಬು! ನನ್ನ ಮನೆ ಹಾಳು ಮಾಡಿದ್ಯಲ್ಲೇ! ನೀನೇ ಅಚ್ಚು ಹಾಕಿದ್ದು!"

ನಾನು ಕೈಯ ಮಸಿ ಒರೆಸಿಕೊಂಡು, ಪುಸ್ತಿಕೆಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದೆ.

"ನಾವೆಲ್ಲಿ ಸ್ವಾಮಿಗಳೇ? ತೂರ್‌ನಲ್ಲಿ ಅಚ್ಚಾದದ್ದು ಅಂತಿದೆ, ನೋಡಿ."