ಡಿ ಡ್ರೈವಿಗೆ ಒಂದು ಒಡಪು

ರಾಮದುರ್ಗದ ನಾಸಿರನ ಟೈಪಿಂಗ್ ಅಂಗಡಿಯಿಂದ ೨೦೦೭ರಲ್ಲಿ ಒಂದು ಪ್ರಶ್ನೆಪತ್ರಿಕೆ ಹೊರಬಿದ್ದಿತ್ತು. ರಿಪೇರಿ ನೆಪದಲ್ಲಿ ಯಾರೋ ಕಂಪ್ಯೂಟರಿನ ಡಿಸ್ಕನ್ನೇ ಒಯ್ದಿದ್ದರು. ಮರುವರ್ಷ ಹೆಡ್‌ಮಾಸ್ತರರು ಖಡಾಖಂಡಿತ ಹೇಳಿದರು: ಪತ್ರಿಕೆಗೆ ಭದ್ರವಾದ ಪಾಸ್‌ವರ್ಡ್ ಇರಬೇಕು, ಅದು ಟೈಪ್ ಮಾಡುವ ಮೀನಾಳೊಬ್ಬಳಿಗೇ ಗೊತ್ತಿರಬೇಕು. ಇಲ್ಲದಿದ್ದರೆ ಕೆಲಸ ಬೇರೆ ಅಂಗಡಿಗೆ.

ಮೀನಾ ಡಿ ಡ್ರೈವನ್ನು ಪೂರ್ತಿ ಗೂಢಲಿಪಿಗೆ ಹಾಕಿದಳು. ಈಗ ಡಿಸ್ಕ್ ಕಿತ್ತು ಒಯ್ದರೂ ಪಾಸ್‌ವರ್ಡ್ ಇಲ್ಲದೆ ಕಾಣುವುದು ಬರೀ ಕಸ. ಪಾಸ್‌ವರ್ಡ್ ಮಾತ್ರ ಯಾರೂ ತನ್ನ ಬಾಯಿಂದ ಹೊರಡಿಸಲಾಗದಂಥದ್ದು ಇಟ್ಟಳು: ಗಂಡನ ತೊಟ್ಟಿಲ ಹೆಸರು. ಅದು ಅವನ ಅಜ್ಜನ ಹೆಸರು. ಮಾವನ ಹೆಸರು ಹೇಳಬಾರದೆಂದು ಹೆತ್ತ ತಾಯಿಯೇ ಅವನನ್ನು ಹಾಗೆ ಕರೆದವಳಲ್ಲ. ಊರಿಗೆಲ್ಲ ಅವನು ಬಾಳು.

ಹೆಡ್‌ಮಾಸ್ತರರು ಪತ್ರಿಕೆ ಒಯ್ಯುವ ದಿನ ಮೀನಾ ಉಗರಗೋಳದ ಅತ್ತೆಮನೆಯಲ್ಲಿದ್ದಳು. ನಾದಿನಿ ಕೆಂಪವ್ವನ ಕೂಸನ್ನು ತೊಟ್ಟಿಲಿಗೆ ಹಾಕುವುದಿತ್ತು. ಡ್ರೈವ್ ತೆರೆದಿಟ್ಟೇ ಬಂದಿದ್ದಳು. ನಾಸಿರ ಪ್ರಿಂಟ್ ತೆಗೆದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು. ಮತ್ತೆ ಬಂದಾಗ ಡ್ರೈವ್ ಪಾಸ್‌ವರ್ಡ್ ಕೇಳಿತು.

ನಾಸಿರ ಫೋನ್ ಮಾಡಿದ. "ಪಾಸ್‌ವರ್ಡ್ ಹೇಳವಾ ಜಲ್ದಿ. ಹೆಡ್‌ಮಾಸ್ತರ್ ಬಾಗಲಾಗ ನಿಂತಾರ."

"ಹೇಳಾಕ ಬರಂಗಿಲ್ರಿ ಅಣ್ಣಾರ."

"ಮರ್ತೀಯೇನು?"

"ಮರ್ತಿಲ್ರಿ. ನಮ್ಮ ಮನಿಯವರ ಹೆಸರೈತ್ರಿ."

"ಬಾಳು ಅಂತ ಹೊಡೀಲ್ಯಾ?"

"ಅದಲ್ರಿ, ಖರೇ ಹೆಸರು. ಅವರನ್ನ ಕೇಳ್ರಿ."

"ಅಂವ ಲಾರಿ ತಗೊಂಡು ಘಾಟಿನ್ಯಾಗ ಅದಾನ. ಫೋನ್ ಹತ್ತವಲ್ದು. ಕೆಲಸ ಹೋಗತೈತಿ ನೋಡು!"

ಮೀನಾ ಫೋನನ್ನು ಅತ್ತೆ ಸಾವಿತ್ರೆವ್ವನ ಕಡೆ ಚಾಚಿದಳು. ಆಕೆ ಎರಡೂ ಕೈ ಹಿಂದೆ ಕಟ್ಟಿಕೊಂಡಳು. "ನಮ್ಮ ಮಾವನೋರ ಹೆಸರವಾ ಅದು!"

ಕೆಂಪವ್ವ ಅಣ್ಣನ ಹೆಸರು ಹೇಳಬಹುದಿತ್ತು. ಅವಳು ತುಟಿ ಬಿಗಿಹಿಡಿದು ನಕ್ಕಳು. "ನಾ ಯಾಕ ಹೇಳಲಿ? ಒಡಪು ಹಾಕಿ ಹೇಳು ವೈನಿ. ಅದಕ್ಕ ತಪ್ಪಿಲ್ಲ."

ಗಂಡನ ಹೆಸರನ್ನು ಹೆಂಡತಿ ನೇರ ಹೇಳಬಾರದು, ಒಡಪಿನಲ್ಲಿ ಪ್ರಾಸ ಕಟ್ಟಿ ಹೇಳಿದರೆ ನಡೆಯುತ್ತದೆ. ಬಂದ ಹೆಂಗಸರೆಲ್ಲ ಕೂಸನ್ನು ಬಿಟ್ಟು ಮೀನಾಳ ಸುತ್ತ ಕೂತರು. ಮೀನಾ ಸೆರಗು ಸರಿಮಾಡಿಕೊಂಡು ಫೋನಿನೊಳಗೆ ಕೂಗಿದಳು:

"ಕರೆಂಟ್ ಬಂದ್ರೂ ಕಂಪ್ಯೂಟರ್ ಬಾಯಿ ಬಿಡವಲ್ದು ಯಪ್ಪಾ,
ಅದರ ಕೀಲಿ ತಗಿಯೋರು ನಮ್ಮ ಮಲಕಾಜಪ್ಪ!"

ಚಪ್ಪಾಳೆ ಬಿತ್ತು.

"ಹೊಡದ್ನಿ, ತಗೀವಲ್ದು," ಅಂದ ನಾಸಿರ.

"ಉದ್ದ ಇರಬೇಕಂತರಿ. ಅದಕ್ಕ ಅದನ್ನ ಮೂರು ಸಲ ಹಾಕೀನ್ರಿ."

"ಹಂಗಾದ್ರ ಇನ್ನೆರಡು ಒಡಪು!" ಹೆಂಗಸರು ಗದ್ದಲ ಎಬ್ಬಿಸಿದರು.

"ಸಾಕ್ರೆವಾ, ಒಂದ ಸಾಕು!" ನಾಸಿರ ಚೀರಿದ. ಮರುಗಳಿಗೆ ಫೋನಿನಲ್ಲಿ ಪ್ರಿಂಟರಿನ ಕಿರಕಿರ ಕೇಳಿಸಿತು.

ಮೀನಾ ಉಸಿರುಬಿಟ್ಟಳು. "ಎಲ್ಲಾರಿಗೂ ಗೊತ್ತಾತು. ನಾಳಿ ಬದಲ ಮಾಡಬೇಕು."

"ಯಾರನ್ನ, ನನ್ನ ಮಗನ್ನೇನ?" ಅಂದಳು ಸಾವಿತ್ರೆವ್ವ.