ಗರಗಸ ಹೋದ ದಾರಿ

"ಇವು ಮನೆಗಳಲ್ಲ ಕಣೇ, ಹಡಗು," ಎಂದಳು ತಾಯಿ, ಮೇಜಿನ ಮೇಲೆ ಜೋಡಿಸುತ್ತಿದ್ದ ಚಿತ್ರದ ತುಂಡುಗಳಿಂದ ಕಣ್ಣೆತ್ತದೆ.

ಕಿಟಕಿಯ ಬಳಿ ಒಣಗಿದ ಬಟ್ಟೆ ಮಡಚುತ್ತಿದ್ದ ಮಗಳ ಕೈ ನಿಂತಿತು. ಈ ಮಾತು ಎಂದಾದರೂ ಬರಲಿ ಎಂದೇ ಕಾಯುತ್ತಿದ್ದಳು.

"ಹೌದಾ?" ಎಂದಳು, ಗೊತ್ತಿಲ್ಲದವಳ ಹಾಗೆ.

"ನಾಟಕ ಆಡಬೇಡ. ಕೊಯ್ದವಳು ನೀನೇ."

ಲಕ್ವ ಹೊಡೆದ ಮೇಲೆ ತಾಯಿಯ ಬಲಗೈ ಬೆರಳುಗಳು ಮರಗಟ್ಟಿದ್ದವು. ಬೆರಳಿಗೆ ಸದಾ ಕೆಲಸ ಕೊಡಿ ಎಂದಿದ್ದರು ಡಾಕ್ಟರು. ಮಗಳಿಗೆ ಇದ್ದದ್ದೇ ಆ ಕಸುಬು: ತೆಳು ಹಲಗೆಗೆ ಚಿತ್ರ ಅಂಟಿಸಿ, ದಾರದಂಥ ಗರಗಸದ ಯಂತ್ರದಲ್ಲಿ ತುಂಡುತುಂಡಾಗಿ ಕೊಯ್ದು, ಜೋಡಿಸುವ ಆಟವೆಂದು ಡಬ್ಬಿಗೆ ತುಂಬುವ ಕಾರ್ಖಾನೆಯ ಕೆಲಸ. ಡಬ್ಬಿಯ ಮೇಲೆ ಚಿತ್ರ ಹಾಕುವ ಪದ್ಧತಿ ಅಲ್ಲಿರಲಿಲ್ಲ. ಜೋಡಿಸುತ್ತ ಹೋದವರಿಗೇ ಅದು ಏನೆಂದು ತಿಳಿಯಬೇಕು. ಇನ್ನೊಂದು ಪದ್ಧತಿಯೂ ಇತ್ತು. ಮುಖದ ಮೇಲೆ ಗರಗಸ ಹೋಗಕೂಡದು. ಮೊದಲು ಮಸೂರ ಹಿಡಿದು ಚಿತ್ರವನ್ನೆಲ್ಲ ನೋಡಿ, ಮುಖವಿದ್ದಲ್ಲಿ ಸುತ್ತು ಹಾಕಿ ಹೋಗಬೇಕು. "ಜನರ ಮೂಗು ಕೊಯ್ಯೋಕೆ ನಾವೇನು ಕಟುಕರಾ?" ಎನ್ನುತ್ತಿದ್ದರು ಯಜಮಾನರು. ಅವಳಿಗೆ ಇದನ್ನು ಹೇಳಬೇಕಾಗಿರಲಿಲ್ಲ. ಹಾಕಿದ ಬೀಗವನ್ನು ಹಿಂತಿರುಗಿ ಬಂದು ಜಗ್ಗಿ ನೋಡುವವಳು. ಕಾರ್ಖಾನೆಯವರು 'ಅನುಮಾನದಮ್ಮ' ಎಂದೇ ಕರೆಯುತ್ತಿದ್ದರು.

ಯಜಮಾನರು ಗುಜರಿಯಿಂದ ತಂದ ಕಟ್ಟಿನಲ್ಲಿ ಆ ಹಳೆಯ ಫೋಟೋ ಸಿಕ್ಕಿತ್ತು. ಬಂದರಿನಲ್ಲಿ ಸಾಲಾಗಿ ನಿಂತ ಸರಕಿನ ಹಡಗುಗಳು. ಇದ್ದದ್ದು ಅದೊಂದೇ ಪ್ರತಿ. ಕೊನೆಯ ಹಡಗಿನ ಮೂತಿಯ ಮೇಲಿನ ಹೆಸರು ಓದಿದ್ದೇ ತಡ, ಅವಳು ಮಸೂರ ಕೆಳಗಿಟ್ಟುಬಿಟ್ಟಳು. ಅಪ್ಪ ಅಡುಗೆಯವನಾಗಿ ಹತ್ತಿಹೋದ ಹಡಗು. ಮತ್ತೆ ಅದರ ಸುದ್ದಿಯೇ ಬರಲಿಲ್ಲ. ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಇಡೀ ಫೋಟೋ ಕೈಗಿತ್ತರೆ ಅಮ್ಮ ಗೋಡೆಯ ಕಡೆ ತಿರುಗಿಸಿಟ್ಟಾಳು. ತುಂಡು ಮಾಡಿ ಕೊಟ್ಟರೆ ತಾನಾಗಿ ಅದರ ಹತ್ತಿರ ಹೋದಾಳು ಎಂದು ಮಗಳು ಯೋಚಿಸಿದಳು. ಸರಕಿನ ಹಡಗಿನಲ್ಲಿ ಮುಖ ಎಲ್ಲಿರುತ್ತದೆ ಎಂದುಕೊಂಡು, ಆ ಕೊನೆಯ ಹಡಗನ್ನು ಕಣ್ಣು ಅರ್ಧ ಮುಚ್ಚಿಯೇ ಕೊಯ್ದು ಮುಗಿಸಿದ್ದಳು.

"ಹೆಸರು ಓದಿದೆ," ಎಂದಳು ತಾಯಿ. ದನಿ ಏರಲಿಲ್ಲ. "ಹಗ್ಗ ಬಿಚ್ತಾ ಇದ್ದಾರೆ ನೋಡು. ಈ ಬಂದರಿಗೆ ಅದು ಬಂದಿದ್ದೇ ಒಂದು ಸಲ. ಅಂದ್ರೆ ಇದು ಅವತ್ತೇ."

"ತೆಗೆದುಬಿಡ್ಲಾ, ಅಮ್ಮಾ?"

"ಸುಮ್ನಿರು. ಅವತ್ತು ಬೆಳಿಗ್ಗೆ ನಿಮ್ಮಪ್ಪನ ಜೊತೆ ಜಗಳ ಆಯ್ತು. ಯಾವುದಕ್ಕೆ ಅಂತ ಕೇಳಬೇಡ, ನೆನಪಿಲ್ಲ. 'ಹಡಗಿನ ಕಂಬಿ ಹತ್ರ ನಿಂತಿರ್ತೀನಿ, ಮನಸ್ಸಿದ್ರೆ ಬಾ' ಅಂದ್ರು. ನಾನು ಹೋಗಲಿಲ್ಲ. ಒಲೆ ಮುಂದೆ ಕೂತೇ ಇದ್ದೆ." ಬಟ್ಟಲಲ್ಲಿ ಉಳಿದಿದ್ದ ತುಂಡುಗಳನ್ನು ಕೆದಕಿದಳು. "ಅವರು ನಿಂತಿದ್ರೋ, ಸಿಟ್ಟಲ್ಲಿ ಒಳಗೇ ಹೋಗಿಬಿಟ್ರೋ. ಅದೊಂದು ಗೊತ್ತಾಗಲಿಲ್ಲ ನನಗೆ."

ಮಗಳು ಬಟ್ಟೆ ಬಿಟ್ಟು ಎದುರು ಬಂದು ಕೂತಳು. ತಾಯಿ ಸಹಾಯ ಕೇಳಲಿಲ್ಲ. ಒಂದು ತುಂಡು ಕೈಜಾರಿ ಬಿತ್ತು, ಮತ್ತೆ ಎತ್ತಿಕೊಂಡಳು. ಹೊಗೆಕೊಳವೆ ಕೂತಿತು. ಕಂಬಿಯ ಎಡಭಾಗ ಕೂತಿತು. ಅದಕ್ಕೆ ಒರಗಿ, ಅಕ್ಕಿಕಾಳಿನಷ್ಟು ಉದ್ದಕ್ಕೆ, ಅಡುಗೆಯವರ ಬಿಳಿ ಏಪ್ರನ್ ಕಟ್ಟಿದ ಒಬ್ಬ ಮನುಷ್ಯ ನಿಂತಿದ್ದ.

ಮಗಳಿಗೆ ಆ ತುಂಡಿನ ಅಂಚು ಕಂಡಿತ್ತು; ಅದು ಅವನ ಭುಜಕ್ಕೇ ಮುಗಿದಿತ್ತು.

"ಅಡುಗೆಯವರು ಇಬ್ಬರಿದ್ರು," ಎಂದಳು ತಾಯಿ ಮೆಲ್ಲಗೆ. "ಇನ್ನೊಬ್ಬನಿಗೆ ಮುಖದ ತುಂಬ ಗಡ್ಡ. ಮೇಲಿನ ತುಂಡು ಎಲ್ಲಿ?"

ಮಗಳೇ ಹುಡುಕಿ ಕೊಟ್ಟಳು. ತಾಯಿ ಅದನ್ನು ಕೂರಿಸಿ ಹೆಬ್ಬೆರಳಿನಿಂದ ಒತ್ತಿದಳು. ಕೆಳಗಿನ ತುಂಡಿನಲ್ಲಿ ಭುಜ. ಮೇಲಿನದರಲ್ಲಿ ಬರೀ ಆಕಾಶ. ನಡುವೆ, ಮುಖವಿರಬೇಕಾದಲ್ಲಿ, ಗರಗಸ ಹೋದ ದಾರಿ; ಅದರೊಳಗಿಂದ ಮೇಜಿನ ಮರ ಕಾಣುತ್ತಿತ್ತು. ತಾಯಿ ಮತ್ತೆ ಒತ್ತಿದಳು, ಉಗುರು ಬೆಳ್ಳಗಾಗುವಷ್ಟು. ಸಂದು ಮುಚ್ಚಲಿಲ್ಲ.

"ಮುಖದ ಮೇಲೆ ಗರಗಸ ಆಡಿಸಲ್ಲ ಅಂತಿದ್ದೆ ನೀನು."

"ನೋಡಲಿಲ್ಲ ಅಮ್ಮಾ." ಎಂದಳು ಮಗಳು. "ಎಲ್ಲಾ ನೋಡ್ತೀನಿ ನಾನು. ಇದೊಂದನ್ನ ನೋಡೋಕಾಗಲಿಲ್ಲ."

ಬೈದಿದ್ದರೆ ಹಗುರಾಗುತ್ತಿತ್ತು. ತಾಯಿ ಕಂಬಿಯ ಬಳಿಯ ಆ ಭುಜವನ್ನೇ ನೋಡುತ್ತ ಕೂತಳು, ಕರೆದರೆ ತಿರುಗೀತು ಎನ್ನುವಂತೆ. ಆಮೇಲೆ ಕೇಳಿದಳು: "ಇದನ್ನ ಕೊಯ್ದಾಗ ಯಾವ ಅಂಗಿ ಹಾಕಿದ್ದೆ?"

"ಕೆಲಸದ್ದು. ಖಾಕಿ."

"ಒಗೆದ್ಯಾ?"

"ಇಲ್ಲ. ಬಾಗಿಲ ಹಿಂದೆ ಇದೆ."

"ತಗೊಂಡು ಬಾ."

ಮಗಳು ತಂದು ಕೊಟ್ಟಳು. ತಾಯಿ ಮೇಜಿನ ಮೇಲೆ ಬಿಳಿ ಕರವಸ್ತ್ರ ಹಾಸಿ, ಅಂಗಿಯ ಜೇಬನ್ನು ಒಳಹೊರಗು ಮಾಡಿ, ಗರಗಸದಿಂದ ಹಾರಿ ಹೊಲಿಗೆಯಲ್ಲಿ ಕೂತಿದ್ದ ಕಂದು ಪುಡಿಯನ್ನು ಸರಿಯಿರುವ ಕೈಯಿಂದ ತಟ್ಟಿತಟ್ಟಿ ಉದುರಿಸಿದಳು. ಒಂದು ಚಿಟಿಕೆಯಷ್ಟು ಆಯಿತು. ಅದರ ಅಂಚು ಗಾಳಿಗೆ ಅಲುಗಿತು.

"ಫ್ಯಾನ್ ಆರಿಸು," ಎಂದಳು.

ಮಗಳು ಆರಿಸಿ ಬಂದಳು. ರೆಕ್ಕೆಗಳು ತಮ್ಮಷ್ಟಕ್ಕೆ ಇನ್ನೂ ಸುತ್ತುತ್ತಿದ್ದವು. ಅವು ನಿಲ್ಲುವವರೆಗೆ ತಾಯಿ, ಮಗಳು ಇಬ್ಬರೂ ಆ ಚಿಟಿಕೆ ಪುಡಿಯ ಸುತ್ತ ಕೈ ಅಡ್ಡ ಹಿಡಿದು, ಉಸಿರು ಬಿಗಿಹಿಡಿದು ಕೂತರು.